ಮೊದಲ ಪಿಸ್ತೂಲು: ನಿಮ್ಮ ಪ್ರಶ್ನೆ, ನನ್ನ ಉತ್ತರ

ಅಮೆರಿಕದಲ್ಲಿರುವ ಕನ್ನಡಿಗರಿಗೆ ಪಿಸ್ತೂಲು ತರಬೇತಿ ಕೊಡುತ್ತೇನೆ, ಟೆಕ್ಸಸ್‌ನಲ್ಲಿ. ಆತ್ಮರಕ್ಷಣೆಗೆಂದು ಮೊದಲ ಪಿಸ್ತೂಲು ಕೊಳ್ಳುವ ಬಗ್ಗೆ ಈ ಸಲ ತುಂಬ ಪತ್ರ ಬಂದಿವೆ. ಕೊಳ್ಳಬೇಕೋ ಬೇಡವೋ ಎಂದು ಕೇಳಿದವರು ಕಡಿಮೆ; ಯಾವುದು ಎಂದು ಕೇಳಿದವರೇ ಹೆಚ್ಚು. ಹೆಸರು ಬೇಡ ಎಂದವರ ಹೆಸರು ಹಾಕಿಲ್ಲ.

ಮೇಡಂ, ನಾನು ನರ್ಸ್, ಡಲ್ಲಾಸ್ ಹತ್ತಿರ ರಾತ್ರಿ ಪಾಳಿ. ಗ್ರೀನ್ ಕಾರ್ಡ್ ಇದೆ. ಡ್ಯೂಟಿ ಮುಗಿಸಿ ಬೆಳಗಿನ ಜಾವ ಪಾರ್ಕಿಂಗ್‌ವರೆಗೆ ಒಬ್ಬಳೇ ನಡೆಯಬೇಕು. ಒಮ್ಮೆ ಯಾರೋ ಹಿಂಬಾಲಿಸಿದ್ದ. ಅಂಗಡಿಯಲ್ಲಿ "ಲೇಡೀಸಿಗೆ ಇದೇ ಸರಿ" ಅಂತ ಅಂಗೈಯಷ್ಟೇ ಇರುವ .380 (ಗುಂಡಿನ ಅಳತೆ, ಇಂಚಿನಲ್ಲಿ) ಪಿಸ್ತೂಲು ತೋರಿಸಿದರು. ಹಗುರ, ಬ್ಯಾಗಿನಲ್ಲಿ ಹಿಡಿಸುತ್ತದೆ. ತೆಗೆದುಕೊಳ್ಳಲೇ?

ಅದನ್ನು ಮಾತ್ರ ಬೇಡಮ್ಮ. ಹೆಂಗಸರು ಕೌಂಟರ್ ಹತ್ತಿರ ಬಂದರೆ ಸಾಕು, ಅಂಗಡಿಯವರು ಮೊದಲು ತೆಗೆದಿಡುವುದು ಅದನ್ನೇ. ಕೆಲವಕ್ಕೆ ಗುಲಾಬಿ ಬಣ್ಣ ಬೇರೆ. ಪಿಸ್ತೂಲು ಚಿಕ್ಕದಾದಷ್ಟೂ ಹಾರಿಸುವುದು ಕಷ್ಟ ಎಂಬುದನ್ನು ಮಾತ್ರ ಹೇಳುವುದಿಲ್ಲ.

ರೂಗರ್ ಎಲ್‌ಸಿಪಿ ಥರದ ಪುಟ್ಟ ಪಿಸ್ತೂಲು ಖಾಲಿ ಇದ್ದಾಗ 10 ಔನ್ಸ್ ಕೂಡ ತೂಗುವುದಿಲ್ಲ. ಗುಂಡು ಹಾರಿದಾಗಿನ ಒದೆತ ತಡೆಯುವಷ್ಟು ತೂಕ ಪಿಸ್ತೂಲಿನಲ್ಲೇ ಇಲ್ಲ ಅಂದಮೇಲೆ ಅಷ್ಟೂ ನಿನ್ನ ಮಣಿಕಟ್ಟಿಗೆ ಬರುತ್ತದೆ. ಹಿಡಿ ಗಿಡ್ಡ, ಕಿರುಬೆರಳು ಗಾಳಿಯಲ್ಲಿ ತೂಗುತ್ತಿರುತ್ತದೆ. ಮೊದಲ ಮ್ಯಾಗಜೀನ್ (ಗುಂಡು ತುಂಬಿ ಹಿಡಿಯೊಳಗೆ ಹಾಕುವ ಡಬ್ಬಿ) ಮುಗಿಯುವಷ್ಟರಲ್ಲಿ ಅಂಗೈ ಚುರುಗುಟ್ಟುತ್ತದೆ. ಎರಡನೆಯದು ತುಂಬಿಕೊಟ್ಟರೆ, ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ಒದೆತಕ್ಕೆ ಹೆದರಿ ಮಣಿಕಟ್ಟು ಮುಂದಕ್ಕೆ ಬಾಗುತ್ತದೆ, ಗುಂಡೆಲ್ಲ ಗುರಿಹಾಳೆಯ ಬುಡಕ್ಕೆ. ಅಲ್ಲಿಗೆ ಅಭ್ಯಾಸ ಮುಗಿಯಿತು. ಆಮೇಲೆ ಆ ಪಿಸ್ತೂಲು ಡ್ರಾಯರಿನಲ್ಲೇ ಇರುತ್ತದೆ. ಪುಟ್ಟ ಪಿಸ್ತೂಲು ಪಳಗಿದವರಿಗೆ, ಹೊಸಬರಿಗಲ್ಲ.

ಅಂಗಡಿಯಲ್ಲಿ ಹೀಗೆ ನೋಡು. ಮ್ಯಾಗಜೀನ್ ತೆಗೆಸಿ, ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಹಿಂದಕ್ಕೆ ನಿಲ್ಲಿಸಿ, ಒಳಗೆ ಗುಂಡಿಲ್ಲ ಎಂಬುದನ್ನು ಅವರೂ ನೋಡಲಿ, ನೀನೂ ಬೆರಳು ಹಾಕಿ ನೋಡು. ಹೆಬ್ಬೆರಳು ತೋರುಬೆರಳಿನ ನಡುವಿನ ಕವಲು ಹಿಡಿಯ ಹಿಂಬದಿಯಲ್ಲಿ ಆದಷ್ಟು ಮೇಲೆ ಕೂರಬೇಕು, ನಳಿಗೆ ಮುಂಗೈಯ ನೇರಕ್ಕೆ ಇರಬೇಕು. ಯಾರೂ ಇಲ್ಲದ ದಿಕ್ಕಿಗೆ ಮೂತಿ ತಿರುಗಿಸಿಕೊಂಡು, ಹಿಡಿತ ಸಡಿಲಿಸದೆ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರ್ ಮೇಲೆ ಬರುತ್ತದಾ ನೋಡು. ಬರಲೆಂದು ಹಿಡಿಯನ್ನೇ ಪಕ್ಕಕ್ಕೆ ತಿರುಗಿಸಬೇಕಾಯಿತೆಂದರೆ ಅದು ನಿನ್ನ ಕೈಗಲ್ಲ, ಎಷ್ಟೇ ದೊಡ್ಡ ಹೆಸರಿನದಾಗಿರಲಿ. ಕೆಲವಕ್ಕೆ ಹಿಂಬದಿಯ ತುಂಡು ಬದಲಿಸಿ ಹಿಡಿಯನ್ನು ದಪ್ಪ ಸಣ್ಣ ಮಾಡಿಕೊಳ್ಳಬಹುದು, ಕೇಳು.

ಆಮೇಲೆ ಸ್ಲೈಡ್. "ನನ್ನ ಕೈಯಲ್ಲಿ ಆಗಲ್ಲ" ಅನ್ನುವವರಲ್ಲಿ ಹೆಚ್ಚಿನವರು ಅದನ್ನು ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ ಎಳೆಯುತ್ತಿರುತ್ತಾರೆ, ಅದೂ ತೋಳು ನೀಟಿಕೊಂಡು. ಪಿಸ್ತೂಲನ್ನು ಎದೆಯ ಹತ್ತಿರ ತಂದುಕೋ, ಮೂತಿ ಮುಂದಕ್ಕೇ ಇರಲಿ. ಎಡಗೈಯ ಇಡೀ ಅಂಗೈಯನ್ನು ಸ್ಲೈಡಿನ ಹಿಂಭಾಗದ ಮೇಲೆ ಕವುಚಿ ಹಿಡಿ. ಈಗ ಎಡಗೈಯಲ್ಲಿ ಎಳೆಯುವುದಕ್ಕಿಂತ ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ನೂಕು. ಬೆರಳಿನ ಶಕ್ತಿಯ ಕೆಲಸ ತೋಳು ಭುಜಕ್ಕೆ ಹೋಗುತ್ತದೆ. ಹೀಗೂ ಆಗದಿದ್ದರೆ ಸ್ಮಿತ್ ಆಂಡ್ ವೆಸನ್ ಶೀಲ್ಡ್ ಇಝೆಡ್ ಹಿಡಿದು ನೋಡು, ಸ್ಲೈಡ್ ಹಗುರವಾಗಿ ಬರಲಿ ಎಂದೇ ಮಾಡಿದ್ದು, 9 ಮಿ.ಮೀ.ನಲ್ಲೂ ಸಿಗುತ್ತದೆ, 8 ಗುಂಡಿನ ಮ್ಯಾಗಜೀನ್. ಕೈ ಸ್ವಲ್ಪ ದೊಡ್ಡದಿದ್ದರೆ ಗ್ಲಾಕ್ 19: 15 ಗುಂಡು, ಹಾರಿಸಲು ನೆಮ್ಮದಿ, ಸಣ್ಣ ಮೈಯವರಿಗೆ ಬಟ್ಟೆಯಡಿ ಮರೆಸುವುದು ತುಸು ಕಷ್ಟ. ನಡುವಿನಲ್ಲಿ ಗ್ಲಾಕ್ 43ಎಕ್ಸ್, ಸಿಗ್ ಪಿ365, ಎರಡರ ಮ್ಯಾಗಜೀನ್‌ನಲ್ಲೂ 10 ಗುಂಡು. ಪಿ365 ಬಂದದ್ದು 2018ರಲ್ಲಿ. ಅಷ್ಟು ಚಿಕ್ಕದರಲ್ಲಿ ಅಷ್ಟು ಗುಂಡು ಹಿಡಿಸಿದ್ದರಿಂದ ಆಮೇಲೆ ಉಳಿದ ಕಂಪನಿಗಳೂ ಅದೇ ಅಳತೆಗೆ ಬಿದ್ದವು. ನನ್ನನ್ನೇ ಕೇಳಿದರೆ ಹೊಸಬರಿಗೆ 43ಎಕ್ಸ್‌ನಷ್ಟು ಉದ್ದದ ಹಿಡಿಗಿಂತ ಕಡಿಮೆ ಬೇಡ.

ಕೊಳ್ಳುವ ಮುಂಚೆ ಪಿಸ್ತೂಲು ಬಾಡಿಗೆಗೆ ಸಿಗುವ ರೇಂಜಿಗೆ (ಗುಂಡು ಹಾರಿಸಿ ಅಭ್ಯಾಸ ಮಾಡುವ ಜಾಗ) ಹೋಗಿ ಇವನ್ನೆಲ್ಲ ಒಂದೊಂದು ಡಬ್ಬಿ ಗುಂಡು ಹಾರಿಸಿ ನೋಡು. ಕಿವಿಯೊಳಗೆ ಸ್ಪಂಜಿನ ಪ್ಲಗ್, ಮೇಲೆ ಇಯರ್‌ಮಫ್, ಎರಡೂ ಇರಲಿ. ಒಳಾಂಗಣದಲ್ಲಿ ಪಕ್ಕದ ಲೇನಿನ ಸದ್ದಿಗೇ ಹೊಸಬರು ಬೆಚ್ಚುತ್ತಾರೆ, ಬೈಗುಳ ಮಾತ್ರ ಪಿಸ್ತೂಲಿಗೆ.

ಇನ್ನು ನೀನು ಕೇಳದೇ ಇದ್ದದ್ದು. ಹಿಂಬಾಲಿಸಿದ್ದು ಆಸ್ಪತ್ರೆ ಬಾಗಿಲಿಂದ ಕಾರಿನವರೆಗಿನ ದಾರಿಯಲ್ಲಿ, ಅಲ್ಲವೇ? ಟೆಕ್ಸಸ್‌ನಲ್ಲಿ ಆಸ್ಪತ್ರೆಯ ಲಿಖಿತ ಅನುಮತಿ ಇಲ್ಲದೆ ಪಿಸ್ತೂಲು ಒಳಗೆ ಒಯ್ಯುವಂತಿಲ್ಲ, ನಿನ್ನ ನೌಕರಿಯ ನಿಯಮದಲ್ಲೂ ಬಹುಶಃ ಅದೇ ಇರುತ್ತದೆ. ಕಾರಿನಲ್ಲಿ ಬೀಗ ಹಾಕಿ ಬಿಡಬಹುದು. ಅಂದರೆ 12 ತಾಸು ಪಿಸ್ತೂಲು ಕಾರಿನಲ್ಲಿ, ನೀನು ಕಾರಿನಿಂದ ದೂರ. ಭಯವಿರುವ ಆ ದಾರಿಯಲ್ಲಿ ನಿನ್ನ ಕೈ ಖಾಲಿ. ಪಿಸ್ತೂಲು ಕೊಂಡರೂ ಈ ಸಮಸ್ಯೆ ಹಾಗೇ ಉಳಿಯುತ್ತದೆ. ಸೆಕ್ಯುರಿಟಿಯವರನ್ನು ಕಾರಿನವರೆಗೆ ಕಳಿಸಿಕೊಡಿ ಎಂದು ಕೇಳು, ಸಂಕೋಚ ಬೇಡ, ಅದು ಅವರ ಕೆಲಸ. ಪಾಳಿ ಮುಗಿಸುವ ನಾಲ್ಕು ಜನ ಒಟ್ಟಿಗೆ ಹೊರಡಿ. ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಲು ಬಿಡುತ್ತಾರಾ ವಿಚಾರಿಸು. ಇಷ್ಟಾದ ಮೇಲೂ ಪಿಸ್ತೂಲು ಬೇಕೆನಿಸಿದರೆ ಕಾರಿನ ಸೀಟಿಗೆ ಉಕ್ಕಿನ ಹಗ್ಗದಲ್ಲಿ ಬಿಗಿಯುವ ಲಾಕ್‌ಬಾಕ್ಸ್ ಮೊದಲು ಕೊಂಡುಕೋ. ಕಾರಿನ ಗ್ಲವ್‌ಬಾಕ್ಸ್ ಕಳ್ಳರು ಮೊದಲು ಕೈಹಾಕುವ ಜಾಗ.

ಎಚ್-1ಬಿಯಲ್ಲಿದ್ದೇನೆ, ಆಸ್ಟಿನ್. ಹೆಂಡತಿ ಇಲ್ಲಿಯ ಸಿಟಿಜನ್. ನಮ್ಮ ರಾಜ್ಯದಲ್ಲಿ 2021ರಿಂದ ಲೈಸೆನ್ಸೇ ಬೇಡವಂತಲ್ಲ? ಅವಳ ಹೆಸರಿನಲ್ಲಿ ಒಂದು ತೆಗೆದುಕೊಂಡು ನಾನು ಇಟ್ಟುಕೊಂಡರೆ?

ಸ್ವಾಮಿ, ಈ ಯೋಚನೆಯನ್ನು ಇಲ್ಲಿಗೇ ಬಿಡಿ. 2021ರ ಸೆಪ್ಟೆಂಬರ್‌ನಿಂದ ಲೈಸೆನ್ಸ್ ಇಲ್ಲದೆ ಪಿಸ್ತೂಲು ಧರಿಸಿ ಓಡಾಡಬಹುದು ಎಂದದ್ದು, ಪಿಸ್ತೂಲು ಇಟ್ಟುಕೊಳ್ಳಲು ಕಾನೂನಿನಲ್ಲಿ ಅಡ್ಡಿ ಇಲ್ಲದವರಿಗೆ, 21 ತುಂಬಿದವರಿಗೆ. ಫೆಡರಲ್ ಕಾನೂನು ವಲಸಿಗೇತರ ವೀಸಾದವರಿಗೆ, ಅಂದರೆ ತಾತ್ಕಾಲಿಕವಾಗಿ ಇರಲು ಬಂದವರಿಗೆ, ಬಂದೂಕನ್ನೂ ಗುಂಡನ್ನೂ ಇಟ್ಟುಕೊಳ್ಳಲು ಬಿಡುವುದಿಲ್ಲ. ಎಚ್-1ಬಿ, ಅವರ ಕುಟುಂಬದವರ ಎಚ್-4, ವಿದ್ಯಾರ್ಥಿಗಳ ಎಫ್-1 ಎಲ್ಲ ಅದರಲ್ಲಿ ಬರುತ್ತವೆ. ರಾಜ್ಯದ ಬೇಟೆ ಪರವಾನಗಿ ಇದ್ದವರಿಗೆ ಒಂದು ವಿನಾಯಿತಿ ಇದೆ. ಅದರ ಬಲದ ಮೇಲೆ ಏನಾದರೂ ಮಾಡುವ ಮುನ್ನ ವಲಸೆ ವಕೀಲರೊಬ್ಬರಿಗೆ ಶುಲ್ಕ ಕೊಟ್ಟು ಕೇಳಿ, ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ. ರೇಂಜಿನಲ್ಲಿ ಗೆಳೆಯನ ಪಿಸ್ತೂಲು "ಸುಮ್ಮನೆ ಒಂದು ಸಲ" ಹಾರಿಸುವುದೂ ಇದರಲ್ಲೇ ಬರುತ್ತದೆ, ಅದನ್ನು ಫೇಸ್‌ಬುಕ್ಕಿಗೆ ಹಾಕುವವರನ್ನು ಕಂಡರೆ ನನಗೆ ತಲೆ ಬಿಸಿಯಾಗುತ್ತದೆ.

ಹೆಂಡತಿ ತನಗಾಗಿ ಕೊಳ್ಳಬಹುದು. ಅಂಗಡಿಯಲ್ಲಿ 4473 ಎಂಬ ಫಾರಂ ತುಂಬುವಾಗ ನಿಜವಾದ ಖರೀದಿದಾರರು ನೀವೇನಾ ಎಂದು ಕೇಳುತ್ತಾರೆ. ನಿಮಗೋಸ್ಕರ ಕೊಂಡು ಹೌದೆಂದು ಬರೆದರೆ ಅವರೂ ಅಪರಾಧಿ. ಅವರದೇ ಪಿಸ್ತೂಲು ಮನೆಯಲ್ಲಿದ್ದರೂ ಪೆಟ್ಟಿಗೆಯ ನಂಬರ್ ನಿಮಗೆ ಗೊತ್ತಿರಬಾರದು. ನಿಮ್ಮ ಕೈಗೆ ಸಿಗುವಂತಿದ್ದರೆ ಅದು ನಿಮ್ಮ ಸುಪರ್ದಿನಲ್ಲಿದೆ ಎಂದೇ ವಾದಿಸಬಹುದು. 2022ರ ತಿದ್ದುಪಡಿಯ ನಂತರ ಗರಿಷ್ಠ ಶಿಕ್ಷೆ 15 ವರ್ಷ. ಗ್ರೀನ್ ಕಾರ್ಡ್ ಕತೆ ಏನಾಗುತ್ತದೆ ಎಂದು ಬೇರೆ ಹೇಳಬೇಕೇ?

ನನಗೆ ಅರುವತ್ತೆಂಟು. ರಿವಾಲ್ವರ್ ಸರಳ, ಕೈಕೊಡುವುದಿಲ್ಲ, ಬರೀ ಟ್ರಿಗರ್ ಎಳೆದರಾಯಿತು ಎಂದು ಗೆಳೆಯರು ಹೇಳುತ್ತಾರೆ. ಬೆರಳಿನ ಗಂಟು ನೋವಿದೆ.

ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಅರ್ಧ ಸರಿ ಸರ್. ಸ್ಲೈಡ್ ಎಳೆಯಬೇಕಿಲ್ಲ, ಕಿಸೆಯೊಳಗಿಂದಲೂ ತಕ್ಷಣ ಕೆಲಸ ಮಾಡುತ್ತದೆ, ತುಂಬಿದೆಯೋ ಇಲ್ಲವೋ ಎಂದು ತೆರೆದು ನೋಡಿದರೆ ಗೊತ್ತಾಗುತ್ತದೆ. ಆದರೆ ಆ "ಬರೀ ಟ್ರಿಗರ್" ಇದೆಯಲ್ಲ, ಸ್ಮಿತ್ ಆಂಡ್ ವೆಸನ್ 642 ಥರದ ಪುಟ್ಟ ರಿವಾಲ್ವರ್‌ನಲ್ಲಿ ಅದನ್ನು ಎಳೆಯಲು ಸುಮಾರು 12 ಪೌಂಡ್ ಬಲ ಬೇಕು. ಗ್ಲಾಕ್‌ನಲ್ಲಿ ಅದರ ಅರ್ಧ. ರಿವಾಲ್ವರ್‌ನ ತೂಕವೋ ಒಂದು ಪೌಂಡ್ ಇಲ್ಲ. ಒಂದು ಪೌಂಡಿಲ್ಲದ್ದನ್ನು ಅಲುಗಾಡಿಸದೆ ಹಿಡಿದು 12 ಪೌಂಡ್ ಎಳೆಯುವ ಬೆರಳು ಗಂಟುನೋವಿನವರಲ್ಲಿ ಎಲ್ಲಿಂದ ಬರಬೇಕು? ಗುಂಡು ಐದೇ. ಮತ್ತೆ ತುಂಬುವುದು ನಿಧಾನ. ಮನೆಯಲ್ಲಷ್ಟೇ ಇಡುವುದಾದರೆ 4 ಇಂಚು ನಳಿಗೆಯ ಉಕ್ಕಿನ ರಿವಾಲ್ವರ್‌ಗೆ .38 ಸ್ಪೆಷಲ್‌ನ ಮೆದು ಗುಂಡು ಹಾಕಿ ಹಾರಿಸಿ ನೋಡಿ, ತೂಕವೇ ಒದೆತ ನುಂಗುತ್ತದೆ. ಸೊಂಟದಲ್ಲಿ ಒಯ್ಯುವುದಾದರೆ ಮೇಲೆ ಹೇಳಿದ ಶೀಲ್ಡ್ ಇಝೆಡ್.

9 ಮಿ.ಮೀ. ಸಾಕೇ, ಅಥವಾ .45 ಬೇಕೇ?

ಸಾಕು. 1986ರಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ತನ್ನ ಇಬ್ಬರು ಏಜೆಂಟರು ಸತ್ತ ಮೇಲೆ ಎಫ್‌ಬಿಐ ದೊಡ್ಡ ಗುಂಡಿನ ಕಡೆ ಹೋಯಿತು, 10 ಮಿ.ಮೀ., ಆಮೇಲೆ .40. ವರ್ಷಗಳ ನಂತರ ಮತ್ತೆ 9ಕ್ಕೇ ಬಂತು, ಅಷ್ಟರಲ್ಲಿ ಗುಂಡಿನ ವಿನ್ಯಾಸ ಸುಧಾರಿಸಿತ್ತು. ಅಭ್ಯಾಸಕ್ಕೆ ಸಾದಾ ಗುಂಡು, ಒಯ್ಯಲು ತುದಿಯಲ್ಲಿ ಕುಳಿಯಿರುವ ಹಾಲೋ ಪಾಯಿಂಟ್. ಅದು ದೇಹದೊಳಗೆ ಅರಳಿ ನಿಲ್ಲುತ್ತದೆ, ಸಾದಾದ್ದು ತೂರಿ ಆಚೆಯವರಿಗೂ ತಗಲಬಹುದು. ನ್ಯೂಜೆರ್ಸಿಯವರು ಮಾತ್ರ ತಮ್ಮ ರಾಜ್ಯದ ಕಾನೂನು ನೋಡಿಕೊಳ್ಳಿ, ಹಾಲೋ ಪಾಯಿಂಟ್ ಬಗ್ಗೆ ಅಲ್ಲಿ ಬಿಗಿ. ಒಯ್ಯುವ ಗುಂಡನ್ನೂ ನಿಮ್ಮ ಪಿಸ್ತೂಲಿನಲ್ಲಿ ಒಂದೆರಡು ಡಬ್ಬಿ ಹಾರಿಸಿ, ಸಿಕ್ಕಿಕೊಳ್ಳದೆ ಓಡುತ್ತದಾ ನೋಡಿ.

ನಾನು ಹೆಚ್ಚಾಗಿ ಕುರ್ತಾ, ಚೂಡಿದಾರ, ಹಬ್ಬಕ್ಕೆ ಸೀರೆ. ಸೊಂಟಕ್ಕೆ ಸಿಕ್ಕಿಸಲು ಬೆಲ್ಟೇ ಇಲ್ಲ. ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡರೆ ತಪ್ಪೇ ಅಕ್ಕಾ?

2014ರ ಡಿಸೆಂಬರ್ ಕೊನೆಯಲ್ಲಿ ಐಡಾಹೊ ರಾಜ್ಯದ ಹೇಡನ್ ಎಂಬ ಊರಿನ ಅಂಗಡಿಯೊಂದರಲ್ಲಿ, ಶಾಪಿಂಗ್ ಗಾಡಿಯಲ್ಲಿ ಕೂತಿದ್ದ ಎರಡು ವರ್ಷದ ಮಗು ತಾಯಿಯ ಬ್ಯಾಗಿಗೆ ಕೈಹಾಕಿತು. ಒಳಗಿದ್ದ ಪಿಸ್ತೂಲು ಸಿಡಿದು ತಾಯಿ ಸತ್ತಳು. ಪಿಸ್ತೂಲಿಗೆಂದೇ ಜಿಪ್ ಇದ್ದ ಬ್ಯಾಗು ಅದು. ಮಕ್ಕಳಿಲ್ಲದವರಿಗೂ ಬ್ಯಾಗು ಬೇಡ ಎನ್ನುತ್ತೇನೆ. ಕಳ್ಳ ಮೊದಲು ಕಿತ್ತುಕೊಳ್ಳುವುದೇ ಬ್ಯಾಗು. ಹೋಟೆಲಿನಲ್ಲಿ ಕುರ್ಚಿಗೆ ನೇತುಹಾಕಿ ಕೈ ತೊಳೆಯಲು ಹೋಗುತ್ತೇವೆ. ಅವಸರದಲ್ಲಿ ಕೈಹಾಕಿದರೆ ಕೀಲಿಗೊಂಚಲು, ಲಿಪ್‌ಸ್ಟಿಕ್, ಚಾರ್ಜರ್.

ಕುರ್ತಾ ಅಡಗಿಸುವುದಕ್ಕೆ ಹೇಳಿ ಮಾಡಿಸಿದ ಬಟ್ಟೆ ಮಾರಾಯ್ತಿ, ಜೀನ್ಸ್-ಟೀಶರ್ಟಿನವರಿಗಿಂತ ನಿನಗೇ ಅನುಕೂಲ. ಕಷ್ಟ ಇರುವುದು ಚೂಡಿದಾರದ ಲಾಡಿಯಲ್ಲಿ, ಒಂದೂವರೆ ಪೌಂಡ್ ತೂಕ ಹೊರುವುದಿಲ್ಲ, ಜಾರುತ್ತದೆ. ಅದಕ್ಕೆ ಬಟ್ಟೆಯನ್ನು ನೆಚ್ಚದ, ಸೊಂಟಕ್ಕೇ ಸುತ್ತಿ ಬಿಗಿಯುವ ಪಟ್ಟಿ ಸಿಗುತ್ತದೆ. ಬರೀ ಎಲಾಸ್ಟಿಕ್ ಜೇಬಿನದ್ದು ಬೇಡ. ಟ್ರಿಗರ್ ಇರುವ ಭಾಗವನ್ನು ಪೂರ್ತಿ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ಕಿನ (ಕೈಡೆಕ್ಸ್) ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಒರೆ, ಕೂರಿಸಿದ ಪಟ್ಟಿ ಬೇಕು. ಹೊರಗಿನಿಂದ ಒತ್ತಿದರೆ ಬೆರಳಿಗೆ ಟ್ರಿಗರ್ ಸಿಗಬಾರದು. ಪಿಸ್ತೂಲು ಒಳಕ್ಕೆ ಹಾಕುವಾಗ ಹೋಲ್‌ಸ್ಟರ್ ಬಾಯಿಗೆ ದುಪಟ್ಟಾದ ತುದಿಯೋ ಲಾಡಿಯೋ ಸಿಕ್ಕಿದೆಯಾ ನೋಡಿಯೇ ಹಾಕು, ನಿಧಾನವಾಗಿ. ತೆಗೆಯುವುದರಲ್ಲಿ ಅವಸರವಿರಬಹುದು, ಒಳಗಿಡುವುದರಲ್ಲಿ ಯಾವತ್ತೂ ಅವಸರವಿಲ್ಲ. ಕೊಂಡ ಮೇಲೆ ಮೊದಲ ಕೆಲವು ವಾರ ಮನೆಯಲ್ಲಿ ಖಾಲಿ ಪಿಸ್ತೂಲು ಕಟ್ಟಿಕೊಂಡು ಪಾತ್ರೆ ತೊಳಿ, ಬಗ್ಗು, ಕೂರು. ಎಲ್ಲಿ ಚುಚ್ಚುತ್ತದೆ, ಎಲ್ಲಿ ಉಬ್ಬು ಕಾಣುತ್ತದೆ ಎಂದು ಆಗಲೇ ಗೊತ್ತಾಗುವುದು.

ಸೀರೆ ಉಟ್ಟ ದಿನ ಪಿಸ್ತೂಲು ಮನೆಯ ಪೆಟ್ಟಿಗೆಯಲ್ಲಿರಲಿ. ನೆರಿಗೆ, ಸೆರಗು ಎರಡನ್ನೂ ಸರಿಸಿಕೊಂಡು ತೆಗೆಯುವ ಹೊತ್ತಿಗೆ ಓಡಿಹೋಗಬಹುದು.

ಹೂಸ್ಟನ್‌ನಿಂದ. ಆರು ವರ್ಷದ ಮಗ, ಊರಿಂದ ಬಂದ ಅತ್ತೆ-ಮಾವ. ಕಪಾಟಿನ ಮೇಲ್ತಟ್ಟಿನಲ್ಲಿ ಇಟ್ಟರೆ ಸಾಲದೇ?

ಸಾಲದು. ಆರು ವರ್ಷದವನು ಕುರ್ಚಿ ಎಳೆದುಕೊಂಡು ಹೋಗಿ ಬಿಸ್ಕತ್ತು ತೆಗೆಯುವ ತಟ್ಟೇ ಅದು. ಟೆಕ್ಸಸ್‌ನಲ್ಲಿ 17 ವರ್ಷದೊಳಗಿನವರ ಕೈಗೆ ತುಂಬಿದ ಬಂದೂಕು ಸಿಗುವಂತೆ ಬಿಡುವುದು ಅಪರಾಧ. ಗುಂಡಿ ಒತ್ತಿ ತೆರೆಯುವ ಉಕ್ಕಿನ ಪೆಟ್ಟಿಗೆ ತೆಗೆದುಕೊಳ್ಳಿ, ಮಂಚದ ಪಕ್ಕದ ಮರಕ್ಕೆ ಬೋಲ್ಟ್ ಹಾಕಿ. ಬೆರಳಚ್ಚಿನವು ಕೈ ಒದ್ದೆಯಿದ್ದಾಗ ಸತಾಯಿಸುತ್ತವೆ, ನನಗೆ ಗುಂಡಿಯದೇ ಇಷ್ಟ. ನಂಬರ್ ಮಗನ ಹುಟ್ಟಿದ ದಿನ ಆಗಿರಬಾರದು, ಮಗನಿಗೆ ಅದು ಗೊತ್ತು. ಮಗನಿಗೆ, "ಎಲ್ಲಾದರೂ ಪಿಸ್ತೂಲು ಕಂಡರೆ ಮುಟ್ಟಬೇಡ, ಅಲ್ಲಿಂದ ಬಂದುಬಿಡು, ದೊಡ್ಡವರಿಗೆ ಹೇಳು" ಎಂದು ಕಲಿಸಿ. ಅತ್ತೆ-ಮಾವನಿಗೂ ಮನೆಯಲ್ಲಿದೆ ಎಂದು ಹೇಳಿ, ತಿಳಿಯದೆ ಕಪಾಟು ಒರೆಸುವಾಗ ಗಾಬರಿಯಾಗುವುದು ಬೇಡ.

ಹೆಸರು ಹಾಕಬೇಡಿ. ಮನೆಗೆ ಒಮ್ಮೆ ಕಳ್ಳರು ನುಗ್ಗಿದ್ದರಿಂದ ಯಜಮಾನರು ಪಿಸ್ತೂಲು ಬೇಕೇಬೇಕು ಎನ್ನುತ್ತಿದ್ದಾರೆ. ಮಗನಿಗೆ ಹತ್ತೊಂಬತ್ತು, ಕಾಲೇಜು ಬಿಟ್ಟು ಮನೆಯಲ್ಲೇ ಇದ್ದಾನೆ, ಖಿನ್ನತೆಗೆ ಮಾತ್ರೆ ನಡೆಯುತ್ತಿದೆ. ನನಗೇನೋ ಅಳುಕು.

ನಿಮ್ಮ ಅಳುಕೇ ಸರಿ. ಈಗ ಬೇಡ. ಈ ದೇಶದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವೇ ಗುಂಡು ಹೊಡೆದುಕೊಂಡವರು. ಮಾತ್ರೆ ನುಂಗಿದವರನ್ನು ಎಷ್ಟೋ ಸಲ ಉಳಿಸಿಕೊಳ್ಳಬಹುದು, ಪಿಸ್ತೂಲಿನಲ್ಲಿ ಹಾಗಲ್ಲ. ಕೆಟ್ಟ ಗಳಿಗೆ ಎಂಬುದು ಎಷ್ಟೋ ಸಲ ಒಂದು ಗಳಿಗೆಯೇ, ಆ ಹೊತ್ತಿಗೆ ಕೈಗೆ ಸಿಗದಿದ್ದರೆ ದಾಟಿಹೋಗುತ್ತದೆ. ಪೆಟ್ಟಿಗೆಯ ನಂಬರ್ ಅವನಿಗೆ ಗೊತ್ತಾಗುವುದಿಲ್ಲ ಎಂದು ಯಜಮಾನರು ಹೇಳಬಹುದು. ಹತ್ತೊಂಬತ್ತರ ಹುಡುಗನಿಗೆ ಗೊತ್ತಾಗುತ್ತದೆ.

ಕಳ್ಳರ ಭಯಕ್ಕೆ ಬಾಗಿಲ ಚೌಕಟ್ಟಿನ ಬೀಗದ ತಗಡಿಗೆ 3 ಇಂಚಿನ ಸ್ಕ್ರೂ ಹಾಕಿಸಿ, ಹಿತ್ತಲಿಗೆ ದೀಪ, ಅಲಾರಂ, ಸಾಧ್ಯವಿದ್ದರೆ ಬೊಗಳುವ ನಾಯಿ. ಈ ಪುಟವನ್ನು ಯಜಮಾನರಿಗೆ ತೋರಿಸಿ, ನಾನು ಹೇಳಿದೆ ಎಂದೇ ಹೇಳಿ. ಪಿಸ್ತೂಲು ಕಲಿಸಿ ಊಟ ಮಾಡುವವಳು ಬೇಡ ಅಂದರೆ ಕೇಳಿಯಾರು. ಮಗನ ಮಾತಿನಲ್ಲಿ ಸಾವಿನ ಸುಳಿವು ಸಿಕ್ಕರೆ ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಕರೆ ಮಾಡಿ, ಹಗಲು ರಾತ್ರಿ ಎತ್ತುತ್ತಾರೆ. ಅವನ ವೈದ್ಯರಿಗೂ ತಿಳಿಸಿ.

ನಮ್ಮದು ಕೊಡಗು. ಚಿಕ್ಕಂದಿನಿಂದ ಕೋವಿ ಹಿಡಿದವನು. ತರಗತಿಗೆ ಬರಲೇಬೇಕೇ?

ಬನ್ನಿ. ಉದ್ದ ನಳಿಗೆಯ ಕೋವಿಯ ಮೂತಿ ಎಲ್ಲಿದೆ ಎಂದು ಪಕ್ಕದವರಿಗೂ ಕಾಣುತ್ತದೆ. ಪಿಸ್ತೂಲಿನದು ಮಣಿಕಟ್ಟು ತುಸು ತಿರುಗಿದರೆ ನಿಮ್ಮದೇ ಎಡಗೈಯ ಮೇಲೆ. ಕೋವಿ ಗೊತ್ತಿದ್ದವರು ಧೈರ್ಯವಾಗಿ ಬರುತ್ತಾರೆ, ಆ ಧೈರ್ಯವನ್ನೇ ಮೊದಲ ದಿನ ತುಸು ಇಳಿಸಬೇಕಾಗುತ್ತದೆ. ಗುರಿ ಹಿಡಿಯುವುದು ಮಾತ್ರ ನಿಮಗೆ ಬೇಗ ಬರುತ್ತದೆ.

ಲೈಸೆನ್ಸ್ ಇಲ್ಲದೆ ಒಯ್ಯಬಹುದಾದ ಮೇಲೆ ಲೈಸೆನ್ಸ್ ಯಾಕೆ ಮಾಡಿಸಬೇಕು? ಡಿಸೆಂಬರ್‌ನಲ್ಲಿ ಕಾರಿನಲ್ಲಿ ಶಿಕಾಗೋಗೆ, ಜನವರಿಯಲ್ಲಿ ಬೆಂಗಳೂರಿಗೆ ಹೋಗುವುದಿದೆ.

ಲೈಸೆನ್ಸ್ ಇಲ್ಲದೆ ಒಯ್ಯಲು ಬಿಡುವ ರಾಜ್ಯಗಳು ಈಗ 29 ಇವೆ. ಆದರೂ ಮಾಡಿಸಿ. ಶಾಲೆಯಿಂದ 1000 ಅಡಿಯೊಳಗೆ ಬಂದೂಕು ಒಯ್ಯಬಾರದೆಂಬ ಫೆಡರಲ್ ಕಾನೂನಿದೆ, ಆ ರಾಜ್ಯದ್ದೇ ಲೈಸೆನ್ಸ್ ಇದ್ದವರಿಗೆ ಅದರಿಂದ ವಿನಾಯಿತಿ. ಯಾವ ಊರಿನ ರಸ್ತೆ ಶಾಲೆಯ ಪಕ್ಕ ಹಾಯುವುದಿಲ್ಲ ಹೇಳಿ. ಅಲ್ಲದೆ ಎಷ್ಟೋ ರಾಜ್ಯಗಳು ಟೆಕ್ಸಸ್ ಲೈಸೆನ್ಸ್ ಒಪ್ಪುತ್ತವೆ. ಶಿಕಾಗೋ ಇರುವ ಇಲಿನಾಯ್ ಒಪ್ಪುವುದಿಲ್ಲ, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಕೂಡ. ಸುಪ್ರೀಂ ಕೋರ್ಟಿನ 2022ರ ಬ್ರೂಯೆನ್ ತೀರ್ಪಿನ ನಂತರ "ವಿಶೇಷ ಕಾರಣ ತೋರಿಸಿ" ಎಂದು ನ್ಯೂಯಾರ್ಕ್ ಕೇಳುವಂತಿಲ್ಲ. ಆದರೆ ಅಲ್ಲಿ ಈಗ 16 ತಾಸು ತರಗತಿ, 2 ತಾಸು ಗುಂಡು ಹಾರಿಸುವ ತರಬೇತಿ ಮುಗಿಸಿದ ಮೇಲೆಯೇ ಲೈಸೆನ್ಸ್. ಶಿಕಾಗೋ ಪ್ರಯಾಣಕ್ಕೆ ಪಿಸ್ತೂಲು ಮನೆಯಲ್ಲೇ ಬಿಡಿ, ತಲೆನೋವಿಲ್ಲ.

ಬೆಂಗಳೂರಿಗೆ ಪಿಸ್ತೂಲಿನ ಮಾತೇ ಬೇಡ. ನನ್ನ ಚಿಂತೆ ನಿಮ್ಮ ಬ್ಯಾಗಿನದು. ರೇಂಜಿಗೆ ಒಯ್ಯುವ ಬೆನ್ನುಚೀಲವನ್ನೇ ವಿಮಾನಕ್ಕೂ ಒಯ್ಯುವ ಚಾಳಿ ನಮ್ಮವರಲ್ಲಿದೆ. ಅಡಿಯ ಹೊಲಿಗೆಯಲ್ಲಿ ಸಿಕ್ಕಿಕೊಂಡ ಒಂದೇ ಒಂದು ಜೀವಂತ ಗುಂಡು ಭಾರತದ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು, ಬಂಧನವೂ ಆಗಬಹುದು. ಗೊತ್ತಿರಲಿಲ್ಲ ಎಂಬುದನ್ನು ಆಮೇಲೆ ಕೋರ್ಟಿನಲ್ಲಿ ಹೇಳಿಕೊಳ್ಳಬೇಕು. ರೇಂಜಿಗೆ ಬೇರೆಯೇ ಚೀಲ ಇಟ್ಟುಕೊಳ್ಳಿ, ಊರಿಗೆ ಹೊಸ ಸೂಟ್‌ಕೇಸ್ ಒಯ್ಯಿರಿ, ರೇಂಜಿಗೆ ಹಾಕಿಕೊಂಡು ಹೋದ ಜಾಕೆಟ್‌ನ ಜೇಬನ್ನೂ ಹೊರಮೈ ಮಾಡಿ ನೋಡಿ.